ಪಂದ್ಯ ಮುಗಿಯುವ ಮೊದಲೇ ಹೊರಟುಹೋಗುವ ಕೊನೆಯ ರೈಲು

2024ರ ಫೆಬ್ರವರಿ 24, ಶನಿವಾರ. ಲಂಡನ್ನಿನ ಎಮಿರೇಟ್ಸ್ ಕ್ರೀಡಾಂಗಣದಲ್ಲಿ ಆರ್ಸೆನಲ್ ಮತ್ತು ನ್ಯೂಕ್ಯಾಸಲ್ ಯುನೈಟೆಡ್ ತಂಡಗಳ ನಡುವಿನ ಪ್ರೀಮಿಯರ್ ಲೀಗ್ ಪಂದ್ಯ ಆರಂಭವಾದದ್ದು ರಾತ್ರಿ 8 ಗಂಟೆಗೆ. ಆರ್ಸೆನಲ್ 4–1ರಿಂದ ಗೆದ್ದಿತು. ಆಟ ಮುಗಿಯುವಾಗ ಗಡಿಯಾರ ಹತ್ತರ ಸಮೀಪದಲ್ಲಿತ್ತು. ಇಂಗ್ಲೆಂಡಿನ ಈಶಾನ್ಯ ತುದಿಯಿಂದ ಸುಮಾರು 430 ಕಿಲೋಮೀಟರ್ ದೂರ ಬಂದಿದ್ದ ನ್ಯೂಕ್ಯಾಸಲ್ ಅಭಿಮಾನಿಗಳಿಗೆ ಆಗ ಸೋಲಿನ ಜೊತೆಗೆ ಇನ್ನೊಂದು ಚಿಂತೆಯೂ ಇತ್ತು. ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಆ ರಾತ್ರಿ ಅವರನ್ನು ಊರು ಮುಟ್ಟಿಸುವ ಒಂದು ರೈಲೂ ಉಳಿದಿರಲಿಲ್ಲ.

ಇದು ಆ ಒಂದು ರಾತ್ರಿಯ ಆಕಸ್ಮಿಕವೇನೂ ಅಲ್ಲ. ತಮ್ಮ ತಂಡ ಪರವೂರಿನಲ್ಲಿ ಆಡುವಾಗಲೂ ಬೆನ್ನಿಗೆ ಹೋಗುವ ಅಭಿಮಾನಿಗಳು ಇಂಗ್ಲೆಂಡಿನಲ್ಲಿ ವಾರಾಂತ್ಯಗಳನ್ನು ಕಳೆಯುವುದೇ ಹೀಗೆ. ಪ್ರೀಮಿಯರ್ ಲೀಗ್ ನಿಯಮದ ಪ್ರಕಾರ ಭೇಟಿ ನೀಡುವ ತಂಡದ ಬೆಂಬಲಿಗರಿಗೆ ಸುಮಾರು 3,000 ಆಸನಗಳನ್ನು, ಅಂಗಣ ಚಿಕ್ಕದಾಗಿದ್ದರೆ ಒಟ್ಟು ಆಸನಗಳ ಶೇ 10ರಷ್ಟನ್ನು ಮೀಸಲಿಡಬೇಕು. 2016–17ರ ಋತುವಿನಿಂದ ಈ ಟಿಕೆಟ್‌ಗಳ ಬೆಲೆಗೆ 30 ಪೌಂಡ್‌ಗಳ ಮಿತಿಯೂ ಇದೆ. ಪಂದ್ಯದ ಟಿಕೆಟ್ ಅಗ್ಗವಾಯಿತು ಎಂದು ಹಿಗ್ಗುವಂತಿಲ್ಲ. ಅಲ್ಲಿಗೆ ಹೋಗಿಬರುವ ರೈಲಿನ ಖರ್ಚು ಕೆಲವೊಮ್ಮೆ ಅದರ ಮೂರು ನಾಲ್ಕು ಪಟ್ಟಾಗುತ್ತದೆ.

ಎರಡು ವೇಳಾಪಟ್ಟಿಗಳ ನಡುವೆ

ತೊಂದರೆಯ ಮೂಲ ಎಲ್ಲಿದೆ? ರೈಲು ತಡವಾಗುವುದು, ಬೋಗಿಗಳು ತುಂಬಿ ತುಳುಕುವುದು ಇವೆಲ್ಲ ಕಣ್ಣಿಗೆ ಕಾಣುವ ಸಂಗತಿಗಳು. ಕಾಣದ ಸಂಗತಿ ಬೇರೆಯೇ ಇದೆ. ಅಭಿಮಾನಿಯ ಪ್ರಯಾಣ ಎರಡು ವೇಳಾಪಟ್ಟಿಗಳನ್ನು ಅವಲಂಬಿಸಿದೆ. ಒಂದನ್ನು ರೈಲ್ವೆ ರಚಿಸುತ್ತದೆ. ಇನ್ನೊಂದನ್ನು ಲೀಗ್ ಮತ್ತು ಟಿವಿ ವಾಹಿನಿಗಳು ಸೇರಿ ರಚಿಸುತ್ತವೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವ ಹೊಣೆ ಯಾರಿಗೂ ಇಲ್ಲ.

ಬ್ರಿಟನ್ನಿನಲ್ಲಿ ಅಗ್ಗದ ಮುಂಗಡ ಟಿಕೆಟ್‌ಗಳು ಸಾಮಾನ್ಯವಾಗಿ 12 ವಾರ ಮೊದಲೇ ಮಾರಾಟಕ್ಕೆ ಬರುತ್ತವೆ. ಮೊದಲು ಕೊಂಡವರಿಗೆ ಕಡಿಮೆ ದರ. ಆದರೆ ಆ ಟಿಕೆಟ್ ನಿಗದಿತ ರೈಲಿಗೆ ಮಾತ್ರ ಸಲ್ಲುತ್ತದೆ. ಬೇಡವೆಂದರೆ ಹಣ ಮರಳುವುದಿಲ್ಲ; ಬದಲಾಯಿಸಬೇಕಾದರೆ ಶುಲ್ಕ ಮತ್ತು ದರದ ವ್ಯತ್ಯಾಸ ಎರಡನ್ನೂ ತೆರಬೇಕು. ಇತ್ತ ಪಂದ್ಯಗಳ ಮೊದಲ ಪಟ್ಟಿ ಜೂನ್ ತಿಂಗಳಲ್ಲೇ ಪ್ರಕಟವಾಗುತ್ತದೆ. ಅದರಲ್ಲಿ ಬಹುತೇಕ ಪಂದ್ಯಗಳು ಶನಿವಾರ ಮಧ್ಯಾಹ್ನ 3 ಗಂಟೆಗೆ ಎಂದಿರುತ್ತದೆ. ಯಾವ ಪಂದ್ಯವನ್ನು ನೇರ ಪ್ರಸಾರ ಮಾಡಬೇಕೆಂದು ವಾಹಿನಿಗಳು ಆರಿಸಿಕೊಂಡ ಮೇಲೆ ದಿನ ಮತ್ತು ಸಮಯ ಬದಲಾಗುತ್ತವೆ. ಈ ಬದಲಾವಣೆ ಹೊರಬೀಳುವಾಗ ಎಷ್ಟೋ ಬಾರಿ ಪಂದ್ಯಕ್ಕೆ ಐದಾರು ವಾರ ಮಾತ್ರ ಉಳಿದಿರುತ್ತದೆ. 12 ವಾರ ಮೊದಲು ಟಿಕೆಟ್ ಕೊಂಡವನು ಹಣ ಕಳೆದುಕೊಳ್ಳುತ್ತಾನೆ, ಕಾದು ಕುಳಿತವನು ದುಬಾರಿ ದರ ಕೊಡುತ್ತಾನೆ.

ಇದರ ಹಿಂದೆ ಒಂದು ವಿಚಿತ್ರ ನಿಯಮವೂ ಇದೆ. ಬ್ರಿಟನ್ನಿನಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಫುಟ್‌ಬಾಲ್ ಪಂದ್ಯಗಳ ನೇರ ಪ್ರಸಾರವಿಲ್ಲ. ಜನ ಮನೆಯಲ್ಲಿ ಟಿವಿ ಮುಂದೆ ಕೂರದೆ ಸ್ಥಳೀಯ ಕ್ರೀಡಾಂಗಣಗಳಿಗೆ ಹೋಗಲಿ ಎಂಬ ಉದ್ದೇಶದಿಂದ 1960ರ ದಶಕದಲ್ಲಿ ರೂಢಿಗೆ ಬಂದ ಕ್ರಮವಿದು. ಉದ್ದೇಶ ಒಳ್ಳೆಯದೇ. ಆದರೆ ಅದರ ಫಲವಾಗಿ, ಟಿವಿಯಲ್ಲಿ ತೋರಿಸಬೇಕಾದ ಪ್ರತಿಯೊಂದು ಪಂದ್ಯವೂ ಆ ಅನುಕೂಲದ ಹೊತ್ತನ್ನು ಬಿಟ್ಟು ಶನಿವಾರದ ನಡುಹಗಲು, ಶನಿವಾರದ ರಾತ್ರಿ, ಭಾನುವಾರ ಅಥವಾ ಸೋಮವಾರದ ರಾತ್ರಿಗೆ ಸರಿಯಲೇಬೇಕು. 1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾದಾಗ ಇಂಥ ಪಂದ್ಯಗಳು ಕಡಿಮೆ ಇದ್ದವು. 2025–26ರಿಂದ ಜಾರಿಗೆ ಬಂದ ಒಪ್ಪಂದದಲ್ಲಿ ಋತುವಿನ 380 ಪಂದ್ಯಗಳಲ್ಲಿ ಕನಿಷ್ಠ 215 ಪಂದ್ಯಗಳು ಸ್ಕೈ ವಾಹಿನಿಯೊಂದರ ಪಾಲು. ಕ್ರೀಡಾಂಗಣಕ್ಕೆ ಬರುವ ಪ್ರೇಕ್ಷಕನನ್ನು ಕಾಪಾಡಲು ಹುಟ್ಟಿದ ನಿಯಮವೇ ದೂರದಿಂದ ಬರುವ ಪ್ರೇಕ್ಷಕನ ಕಾಲಿಗೆ ತೊಡಕಾಯಿತು!

ಭಾನುವಾರದ ಕಥೆ ಇನ್ನೂ ಸ್ವಾರಸ್ಯ. ಹಳಿ ದುರಸ್ತಿಗೆ ರೈಲ್ವೆ ಆರಿಸಿಕೊಳ್ಳುವುದು ಹೆಚ್ಚಾಗಿ ಭಾನುವಾರ ಮತ್ತು ಹಬ್ಬದ ರಜೆಗಳನ್ನು, ಏಕೆಂದರೆ ಕಚೇರಿಗೆ ಹೋಗುವವರ ಸಂಖ್ಯೆ ಅಂದು ಕಡಿಮೆ. ಜೊತೆಗೆ ಹಲವು ರೈಲು ಸಂಸ್ಥೆಗಳಲ್ಲಿ ಭಾನುವಾರವು ಸಿಬ್ಬಂದಿಯ ಕಡ್ಡಾಯ ಕೆಲಸದ ವಾರದೊಳಗೆ ಬರುವುದೇ ಇಲ್ಲ. ಚಾಲಕರು, ಗಾರ್ಡುಗಳು ಸ್ವಇಚ್ಛೆಯಿಂದ ಹೆಚ್ಚುವರಿ ಪಾಳಿಗೆ ಒಪ್ಪಿದರೆ ರೈಲು ಓಡುತ್ತದೆ, ಇಲ್ಲವಾದರೆ ರದ್ದಾಗುತ್ತದೆ. ಫುಟ್‌ಬಾಲ್ ಭಾನುವಾರಕ್ಕೆ ಸರಿಯಿತು. ರೈಲ್ವೆ ಮಾತ್ರ ಭಾನುವಾರವನ್ನು ಇಂದಿಗೂ ವಿಶ್ರಾಂತಿಯ ದಿನವೆಂದೇ ತಿಳಿದಿದೆ.

ರೈಲೇ ಬೆಳೆಸಿದ ಆಟ

ವಿಪರ್ಯಾಸವೆಂದರೆ, ಪರವೂರಿನ ಪಂದ್ಯವೆಂಬ ಕಲ್ಪನೆಯನ್ನು ಸಾಧ್ಯವಾಗಿಸಿದ್ದೇ ರೈಲು. 1850ರ ಕಾರ್ಖಾನೆ ಕಾಯ್ದೆಯಿಂದಾಗಿ ಇಂಗ್ಲೆಂಡಿನ ಜವಳಿ ಗಿರಣಿಗಳಲ್ಲಿ ಮಹಿಳೆಯರು ಮತ್ತು ಕಿರಿಯ ಕಾರ್ಮಿಕರ ಶನಿವಾರದ ಕೆಲಸ ಮಧ್ಯಾಹ್ನ 2ಕ್ಕೆ ನಿಂತಿತು. ಕ್ರಮೇಣ ಅರ್ಧ ದಿನದ ರಜೆ ಉಳಿದವರಿಗೂ ವಿಸ್ತರಿಸಿತು. ಶನಿವಾರ 3 ಗಂಟೆಯ ಆಟ ಹುಟ್ಟಿದ್ದು ಹೀಗೆ. 1888ರಲ್ಲಿ ವಿಲಿಯಂ ಮೆಕ್‌ಗ್ರೆಗರ್ ಅವರ ಪ್ರಯತ್ನದಿಂದ ಫುಟ್‌ಬಾಲ್ ಲೀಗ್ ಸ್ಥಾಪನೆಯಾದಾಗ ಇದ್ದ 12 ಕ್ಲಬ್‌ಗಳಲ್ಲಿ ಆರು ಲ್ಯಾಂಕಷೈರ್‌ಗೆ, ಆರು ಮಿಡ್‌ಲ್ಯಾಂಡ್ಸ್ ಪ್ರದೇಶಕ್ಕೆ ಸೇರಿದ್ದವು. ಮಧ್ಯಾಹ್ನ ಆಡಿ ರಾತ್ರಿಯೊಳಗೆ ಮರಳಲು ರೈಲು ಸಂಪರ್ಕವಿಲ್ಲದಿದ್ದರೆ ಇಂಥ ಲೀಗ್ ಕಾಗದದ ಮೇಲೆಯೇ ಉಳಿಯುತ್ತಿತ್ತು.

ರೈಲು ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 1901ರ ಎಫ್‌ಎ ಕಪ್ ಫೈನಲ್‌ಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಆ ವರ್ಷದ ಏಪ್ರಿಲ್ 20ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಮತ್ತು ಶೆಫೀಲ್ಡ್ ಯುನೈಟೆಡ್ ತಂಡಗಳು ಸೆಣಸಿದಾಗ 1 ಲಕ್ಷದ 10 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಪಂದ್ಯ 2–2ರಿಂದ ಸಮನಾಯಿತು. ಮರುಪಂದ್ಯವನ್ನು ಒಂದು ವಾರದ ಬಳಿಕ ಉತ್ತರದ ಬೋಲ್ಟನ್ ಪಟ್ಟಣದ ಬರ್ನ್‌ಡನ್ ಪಾರ್ಕ್‌ನಲ್ಲಿ ಇಟ್ಟುಕೊಳ್ಳಲಾಯಿತು. ಮಹಾಜನಸಂದಣಿಯ ನಿರೀಕ್ಷೆಯಲ್ಲಿ ಊರಿನ ವ್ಯಾಪಾರಿಗಳು ರಾಶಿ ರಾಶಿ ಪೈಗಳನ್ನು ಬೇಯಿಸಿಟ್ಟರು. ಪೈ ಎಂದರೆ ಮಾಂಸದ ಹೂರಣವಿಟ್ಟು ಬೇಯಿಸುವ, ಅಲ್ಲಿನ ಫುಟ್‌ಬಾಲ್ ಪ್ರೇಕ್ಷಕರ ಮೆಚ್ಚಿನ ತಿನಿಸು. ಆದರೆ ಬೋಲ್ಟನ್ ನಿಲ್ದಾಣದ ಪುನರ್ನಿರ್ಮಾಣ ನಡೆಯುತ್ತಿತ್ತು. ಆ ಕಾರಣ ನೀಡಿ ಲ್ಯಾಂಕಷೈರ್ ಅಂಡ್ ಯಾರ್ಕ್‌ಷೈರ್ ರೈಲ್ವೆ ಕಂಪನಿಯು ರಿಯಾಯಿತಿ ದರದ ಟಿಕೆಟ್ ಕೊಡಲು ಒಪ್ಪಲಿಲ್ಲ. ಬಂದವರು ಸುಮಾರು 20 ಸಾವಿರ ಮಂದಿ ಮಾತ್ರ. ಟಾಟನ್‌ಹ್ಯಾಮ್ 3–1ರಿಂದ ಗೆದ್ದು, ಲೀಗ್ ಸ್ಥಾಪನೆಯಾದ ಮೇಲೆ ಅದರ ಸದಸ್ಯತ್ವವಿಲ್ಲದೆಯೇ ಕಪ್ ಗೆದ್ದ ಏಕೈಕ ತಂಡವೆನಿಸಿತು. ಬೋಲ್ಟನ್ನಿನಲ್ಲಿ ಮಾತ್ರ ಆ ದಿನ ನೆನಪಾಗಿ ಉಳಿದದ್ದು ಮಾರಾಟವಾಗದ ತಿಂಡಿಯಿಂದ, ‘ಪೈ ಶನಿವಾರ’ ಎಂಬ ಹೆಸರಿನಲ್ಲಿ.

ಅಭಿಮಾನಿಗಳಿಗಾಗಿಯೇ ವಿಶೇಷ ರೈಲು ಬಿಡುವ ಪದ್ಧತಿ ಇಪ್ಪತ್ತನೆಯ ಶತಮಾನದ ಬಹುಭಾಗ ಚಾಲ್ತಿಯಲ್ಲಿತ್ತು. 1970ರ ದಶಕದ ‘ಫುಟ್‌ಬಾಲ್ ಸ್ಪೆಷಲ್’ಗಳ ಬಗ್ಗೆ ಇಂದು ಹಳಬರು ನಾಸ್ಟಾಲ್ಜಿಯಾದಿಂದ ಮಾತನಾಡುವುದುಂಟು. ಅವು ಅಷ್ಟೇನೂ ಸುಖದ ಸವಾರಿಗಳಾಗಿರಲಿಲ್ಲ. ಬ್ರಿಟಿಷ್ ರೈಲ್ ತನ್ನ ಅತಿ ಹಳೆಯ ಬೋಗಿಗಳನ್ನು ಇದಕ್ಕೆ ಜೋಡಿಸುತ್ತಿತ್ತು. ಕಿಟಕಿ ಗಾಜು ಒಡೆಯುವುದು, ಆಸನ ಹರಿಯುವುದು ಮಾಮೂಲಿಯಾಗಿತ್ತು. 1985ರಲ್ಲಿ ಜಾರಿಯಾದ ಕಾನೂನು ಇಂಥ ವಿಶೇಷ ರೈಲು ಮತ್ತು ಬಸ್ಸುಗಳಲ್ಲಿ ಮದ್ಯ ಒಯ್ಯುವುದನ್ನೇ ಅಪರಾಧವೆಂದು ಸಾರಿತು. ಇಷ್ಟಾದರೂ ಆ ರೈಲುಗಳಲ್ಲಿ ಒಂದು ಗುಣವಿತ್ತು: ಪಂದ್ಯ ಮುಗಿಯುವವರೆಗೆ ಅವು ಕಾಯುತ್ತಿದ್ದವು. 1990ರ ದಶಕದ ಮಧ್ಯದಲ್ಲಿ ರೈಲ್ವೆ ಖಾಸಗೀಕರಣಗೊಂಡ ಬಳಿಕ ಕಂಪನಿಗಳು ಬೇಕಾದಷ್ಟೇ ರೈಲುಗಳನ್ನು ಗುತ್ತಿಗೆಗೆ ಪಡೆದು ಓಡಿಸತೊಡಗಿದವು. ಶೆಡ್ಡಿನಲ್ಲಿ ಹೆಚ್ಚುವರಿ ಬೋಗಿಗಳನ್ನು ಇಟ್ಟುಕೊಳ್ಳುವುದು ಲೆಕ್ಕಪತ್ರದಲ್ಲಿ ನಷ್ಟದ ಬಾಬ್ತು. ವಿಶೇಷ ರೈಲುಗಳು ಅಪರೂಪವಾದದ್ದು ಪುಂಡಾಟಿಕೆಯಿಂದ ಮಾತ್ರವಲ್ಲ, ಈ ಲೆಕ್ಕಾಚಾರದಿಂದಲೂ ಹೌದು.

ನೆರೆಯವರು, ಆದರೆ ಲಂಡನ್‌ಗೆ ಬನ್ನಿ

ಹೊಂದಾಣಿಕೆಯ ಕೊರತೆ ಎಷ್ಟು ದೂರ ಹೋಗಬಲ್ಲದು ಎಂಬುದನ್ನು 2022ರ ಈಸ್ಟರ್ ತೋರಿಸಿತು. ಆ ವರ್ಷ ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಎದುರಾದವರು ಮ್ಯಾಂಚೆಸ್ಟರ್ ಸಿಟಿ ಮತ್ತು ಲಿವರ್‌ಪೂಲ್. ಈ ಎರಡು ನಗರಗಳ ನಡುವಿನ ಅಂತರ ಸುಮಾರು 50 ಕಿಲೋಮೀಟರ್. ಆದರೆ 2008ರಿಂದ ಸೆಮಿಫೈನಲ್‌ಗಳೂ ಲಂಡನ್ನಿನ ವೆಂಬ್ಲಿಯಲ್ಲೇ ನಡೆಯುತ್ತವೆ. ಅಲ್ಲಿಗೆ ಎರಡೂ ಕಡೆಯಿಂದ 300 ಕಿಲೋಮೀಟರ್‌ನಷ್ಟು ದೂರ. ಏಪ್ರಿಲ್ 16ರಂದು ಪಂದ್ಯ. ಹಳಿ ಕಾಮಗಾರಿಯ ಕಾರಣ ಈಸ್ಟರ್ ರಜೆಯುದ್ದಕ್ಕೂ ಈ ಎರಡೂ ನಗರಗಳಿಂದ ಲಂಡನ್‌ಗೆ ನೇರ ರೈಲುಗಳಿರಲಿಲ್ಲ. ಸ್ಥಳ ಬದಲಿಸಿ ಎಂದು ಎರಡೂ ಪ್ರದೇಶಗಳ ಮೇಯರ್‌ಗಳಾದ ಆ್ಯಂಡಿ ಬರ್ನ್‌ಹ್ಯಾಮ್ ಮತ್ತು ಸ್ಟೀವ್ ರಾಥರಮ್ ಜಂಟಿಯಾಗಿ ಬಹಿರಂಗ ಪತ್ರ ಬರೆದರು. ಫುಟ್‌ಬಾಲ್ ಸಂಸ್ಥೆ ಸ್ಥಳ ಬದಲಿಸಲಿಲ್ಲ. ಬದಲಿಗೆ 5,000 ಮಂದಿಗಾಗಿ 100 ಉಚಿತ ಬಸ್ಸುಗಳನ್ನು ಒದಗಿಸಿತು. ಪಂದ್ಯಕ್ಕೆ ಬಂದವರು 70 ಸಾವಿರಕ್ಕೂ ಹೆಚ್ಚು. ಉಳಿದವರು ಕಾರು, ಬಾಡಿಗೆ ಬಸ್ಸು, ಸುತ್ತುದಾರಿ ಎಂದು ತಮಗೆ ತೋಚಿದಂತೆ ತಲುಪಬೇಕಾಯಿತು.

ಮರುವರ್ಷ ಜೂನ್ 3ರಂದು ಮ್ಯಾಂಚೆಸ್ಟರ್ ನಗರದ್ದೇ ಎರಡು ತಂಡಗಳು ವೆಂಬ್ಲಿಯಲ್ಲಿ ಫೈನಲ್ ಆಡಿದವು. ಅಂದು ರೈಲು ಚಾಲಕರ ಮುಷ್ಕರ.

ರೈಲು ತಡವಾಗಿ ಪಂದ್ಯ ತಪ್ಪಿದರೆ ಪರಿಹಾರವಿಲ್ಲವೇ ಎಂದು ಓದುಗರು ಕೇಳಬಹುದು. ಬ್ರಿಟನ್ನಿನಲ್ಲಿ ಎಷ್ಟು ನಿಮಿಷ ತಡವಾಯಿತೋ ಅದಕ್ಕೆ ತಕ್ಕಂತೆ ರೈಲು ಟಿಕೆಟ್‌ನ ಹಣ ಹಿಂತಿರುಗಿಸುವ ವ್ಯವಸ್ಥೆ ಇದೆ. ಆದರೆ ಅದರಲ್ಲಿ ಸಿಗುವುದು ರೈಲಿನ ಹಣ ಮಾತ್ರ. ಪಂದ್ಯದ ಟಿಕೆಟ್, ಹೋಟೆಲ್ ಕೋಣೆ, ಮಧ್ಯರಾತ್ರಿಯ ಟ್ಯಾಕ್ಸಿ ಇವುಗಳ ವೆಚ್ಚ ಆ ಲೆಕ್ಕಕ್ಕೆ ಬರುವುದಿಲ್ಲ. ರೈಲ್ವೆಗೆ ಆತ ಬರೀ ಒಬ್ಬ ಪ್ರಯಾಣಿಕ, ಕ್ಲಬ್‌ಗೆ ಆತ ಗೈರುಹಾಜರಾದ ಪ್ರೇಕ್ಷಕ.

ಜರ್ಮನಿಯಲ್ಲಿ ಪರಿಸ್ಥಿತಿ ಕೊಂಚ ಭಿನ್ನ. ಅಲ್ಲಿ ಅನೇಕ ಕ್ಲಬ್‌ಗಳ ಪಂದ್ಯದ ಟಿಕೆಟ್ ತೋರಿಸಿದರೆ ಸ್ಥಳೀಯ ರೈಲು, ಟ್ರಾಮ್, ಬಸ್ಸುಗಳಲ್ಲಿ ಬೇರೆ ಟಿಕೆಟ್ ಬೇಕಿಲ್ಲ. ಅಭಿಮಾನಿಗಳ ಪ್ರತಿಭಟನೆಗೆ ಮಣಿದು 2021–22ರಿಂದ ಬುಂಡೆಸ್‌ಲಿಗಾದಲ್ಲಿ ಸೋಮವಾರದ ಪಂದ್ಯಗಳನ್ನೇ ಕೈಬಿಡಲಾಯಿತು. ಹಾಗೆಂದು ಅಲ್ಲಿನ ರೈಲುಗಳು ಹೊತ್ತಿಗೆ ಸರಿಯಾಗಿ ಓಡುತ್ತವೆ ಎಂದಲ್ಲ. 2024ರ ಯೂರೋ ಕೂಟದ ವೇಳೆ ಡಸೆಲ್‌ಡಾರ್ಫ್‌ನಲ್ಲಿ ನಡೆದ ಉಕ್ರೇನ್–ಸ್ಲೊವಾಕಿಯಾ ಪಂದ್ಯದ ಆರಂಭವನ್ನು ತಪ್ಪಿಸಿಕೊಂಡವರಲ್ಲಿ ಕೂಟದ ನಿರ್ದೇಶಕರಾದ ಫಿಲಿಪ್ ಲಾಮ್ ಅವರೇ ಒಬ್ಬರು. ಅವರು ಬರುತ್ತಿದ್ದ ರೈಲು ತಡವಾಗಿತ್ತು. ಅಭಿಮಾನಿಗಳಿಗೆ ಇದರಿಂದ ಸಿಕ್ಕ ಸಮಾಧಾನ ಸಣ್ಣದಲ್ಲ.

ಬೆಂಗಳೂರಿನಿಂದ ಹೊರಟರೆ

ಪರವೂರಿಗೆ ತಂಡದ ಬೆನ್ನಿಗೆ ಹೋಗುವ ಸಂಸ್ಕೃತಿ ಕರ್ನಾಟಕಕ್ಕೆ ಇತ್ತೀಚಿನದು. 2013ರಲ್ಲಿ ಬೆಂಗಳೂರು ಎಫ್‌ಸಿ ಸ್ಥಾಪನೆಯಾದಾಗ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ಕೂರುತ್ತಿದ್ದವರೇ ಮುಂದೆ ‘ವೆಸ್ಟ್ ಬ್ಲಾಕ್ ಬ್ಲೂಸ್’ ಬಳಗವಾದರು. ತಂಡ ತನ್ನ ಚೊಚ್ಚಲ ಐ-ಲೀಗ್ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡದ್ದೂ ಪರವೂರಿನಲ್ಲೇ, 2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4–2ರಿಂದ ಮಣಿಸಿ.

ನಕಾಶೆಯಲ್ಲಿ ಗೋವಾ ನಮಗೆ ಪಕ್ಕದ ಮನೆ. ಆದರೆ ಹುಬ್ಬಳ್ಳಿ ದಾಟಿ ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ಘಟ್ಟ ಇಳಿಯುವಾಗ ಹಳಿಯ ಇಳಿಜಾರು 37ಕ್ಕೆ 1ರಷ್ಟು ಕಡಿದಾಗಿದೆ. ಮರಳಿ ಹತ್ತುವಾಗ ರೈಲಿಗೆ ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸಬೇಕು. ದೂಧಸಾಗರದ ನೋಟ ಎಷ್ಟೇ ಸೊಗಸಾಗಿದ್ದರೂ ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿರಬೇಕಾದವನಿಗೆ ಅದು ಬರೀ ನಿಧಾನಗತಿಯ ಹಾದಿ. ಕೊಚ್ಚಿಯ ಸಂಗತಿಯೂ ಹೀಗೆಯೇ. ಬೆಂಗಳೂರು–ಎರ್ನಾಕುಲಂ ನಡುವಿನ ಇಂಟರ್‌ಸಿಟಿ ಮತ್ತು 2025ರ ನವೆಂಬರ್‌ನಲ್ಲಿ ಆರಂಭವಾದ ವಂದೇ ಭಾರತ್ ಎರಡೂ ಹಗಲು ರೈಲುಗಳು. ರಾತ್ರಿ 7.30ಕ್ಕೆ ಪಂದ್ಯ ಶುರುವಾದರೆ ಮುಗಿಯುವುದು 9.30ರ ಹೊತ್ತಿಗೆ, ಈ ಎರಡರಲ್ಲಿ ಯಾವುದನ್ನು ಹಿಡಿಯಬೇಕಾದರೂ ರಾತ್ರಿ ಅಲ್ಲೇ ಉಳಿಯಬೇಕು.

ಇಲ್ಲೂ ಎರಡು ವೇಳಾಪಟ್ಟಿಗಳ ಜಗಳವಿದೆ, ರೂಪ ಮಾತ್ರ ಬೇರೆ. 2024ರ ನವೆಂಬರ್ 1ರಿಂದ ಭಾರತೀಯ ರೈಲ್ವೆ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನಗಳಿಂದ 60ಕ್ಕೆ ಇಳಿಸಿತು. ಆದರೆ ವಾರಾಂತ್ಯದ ರೈಲುಗಳಲ್ಲಿ ಆಸನಗಳು ತೆರೆದ ಕೆಲವೇ ಹೊತ್ತಿನಲ್ಲಿ ತುಂಬಿ ವೇಟಿಂಗ್ ಲಿಸ್ಟ್ ಬೆಳೆಯುವುದನ್ನು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಇನ್ನು ಪಂದ್ಯಗಳ ಪಟ್ಟಿ? 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಇಡೀ ಋತುವನ್ನೇ ತಡೆಹಿಡಿಯಲಾಯಿತು. ಪಂದ್ಯದ ದಿನವೇ ಗೊತ್ತಿಲ್ಲದವನು ಯಾವ ದಿನದ ರೈಲಿಗೆ ಟಿಕೆಟ್ ತೆಗೆಯಬೇಕು? ಕಡೆಗೆ ಉಳಿಯುವುದು ತತ್ಕಾಲ್. ಹಿಂದಿನ ದಿನ ಬೆಳಿಗ್ಗೆ ಹವಾನಿಯಂತ್ರಿತ ದರ್ಜೆಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ಅದು ತೆರೆಯುತ್ತದೆ. ಅದೃಷ್ಟವಿದ್ದವರಿಗೆ ಬರ್ತ್ ಸಿಗುತ್ತದೆ. ಪಂದ್ಯ ಮುಂದೂಡಿತೆಂದು ಆಮೇಲೆ ರದ್ದುಪಡಿಸಿದರೆ, ಖಚಿತವಾದ ತತ್ಕಾಲ್ ಟಿಕೆಟ್‌ಗೆ ಒಂದು ಪೈಸೆಯೂ ಮರಳುವುದಿಲ್ಲ.