ಗೆರೆ ಓದುವ ಯಂತ್ರ

ಮಕ್ಕಳೇ, ಬಳ್ಳಾರಿಯ ಜೀನ್ಸ್ ಪ್ಯಾಂಟಿನ ಚೀಟಿಯಲ್ಲೋ, ಸಿರುಗುಪ್ಪದ ಅಂಗಡಿಯ ಸಾಬೂನಿನ ಹೊದಿಕೆಯಲ್ಲೋ ಸಾಲಾಗಿ ನಿಂತ ಕಪ್ಪು ಗೆರೆಗಳನ್ನು ನೋಡಿದ್ದೀರಲ್ಲವೇ? ಅದೇ ಬಾರ್‌ಕೋಡ್. 1974ರ ಜೂನ್ 26ರಂದು ಅಮೆರಿಕದ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲಿನ ಇಂಥ ಗೆರೆಗಳನ್ನು ಯಂತ್ರ ಓದಿತು.

ಓದುವುದು ಹೇಗೆ? ಸ್ಕ್ಯಾನರ್ ಗೆರೆಗಳ ಮೇಲೆ ಬೆಳಕು ಬೀರುತ್ತದೆ. ಕಪ್ಪು ಗೆರೆ ಬೆಳಕನ್ನು ಹೀರಿಕೊಳ್ಳುತ್ತದೆ. ಬಿಳಿ ಜಾಗ ಪ್ರತಿಫಲಿಸುತ್ತದೆ. ಈ ವ್ಯತ್ಯಾಸವೇ ಅಂಕಿಗಳಾಗುತ್ತದೆ.

ಕುರುಗೋಡಿನ ಅಂಗಡಿಯೊಂದಕ್ಕೆ ಹೊಸ ಸ್ಕ್ಯಾನರ್ ಬಂತೆನ್ನಿ. ಜೊತೆಗಿನ ಕೈಪಿಡಿಯಲ್ಲಿ ಎರಡೇ ಸಾಲು! ಬಿಲ್ ಮೂಡುತ್ತಿಲ್ಲ. ಈಗೇನು ಮಾಡುವುದು?

ಸಾಮಾನ್ಯವಾಗಿ ಸ್ಕ್ಯಾನರ್ ಕೀಲಿಮಣೆಯಂತೆಯೇ ಕೆಲಸ ಮಾಡುತ್ತದೆ. ಯಾರೋ ಕೀಲಿ ಒತ್ತಿದಂತೆ ಅಂಕಿಗಳನ್ನು ಕಂಪ್ಯೂಟರಿಗೆ ಕಳಿಸುತ್ತದೆ. ಆದ್ದರಿಂದ ನೋಟ್‌ಪ್ಯಾಡ್‌ನಲ್ಲಿ ಖಾಲಿ ಪುಟ ತೆರೆದು, ಸಾಬೂನಿನ ಗೆರೆಗಳಿಗೆ ಸ್ಕ್ಯಾನರ್ ಹಿಡಿಯಬೇಕು. ಅಂಕಿ ಮೂಡಿದರೆ ಜೋಡಣೆ ಸರಿಯಿದೆ, ಬಿಲ್ ಮಾಡುವ ತಂತ್ರಾಂಶವನ್ನು ನೋಡಬೇಕು. ಮೂಡದಿದ್ದರೆ ಮೊದಲು ವೈರು, ಆಮೇಲೆ ಸ್ಕ್ಯಾನರಿನ ಹೊಂದಿಕೆ. ಹೀಗೆ ಒಂದೊಂದನ್ನೇ ಪರೀಕ್ಷಿಸಿದರೆ ತಪ್ಪು ಎಲ್ಲಿದೆಯೆಂದು ತಿಳಿಯುತ್ತದೆ.

ಸ್ಕ್ಯಾನರ್ ಒಂದು ಅಂಕಿಯನ್ನು ತಪ್ಪಾಗಿ ಓದಿದರೆ? ಅದನ್ನು ಹಿಡಿಯಲು ಕೊನೆಯ ಅಂಕಿ ಕಾವಲಿಗಿದೆ.

ಮಾಡಿ ನೋಡಿ: 13 ಅಂಕಿಗಳ ಬಾರ್‌ಕೋಡ್ ಇರುವ ಹೊದಿಕೆ ಹುಡುಕಿ. ಎಡದಿಂದ 1, 3, 5, 7, 9, 11, 13ನೇ ಅಂಕಿಗಳನ್ನು ಕೂಡಿ. ಉಳಿದ ಆರರ ಮೊತ್ತವನ್ನು 3ರಿಂದ ಗುಣಿಸಿ ಅದಕ್ಕೆ ಸೇರಿಸಿ. ಉತ್ತರದ ಕೊನೆಯಲ್ಲಿ ಸೊನ್ನೆ ಬರಬೇಕು.

ಉದಾಹರಣೆ: 8901234567890
28 + (34 × 3) = 130

ಒಂದು ಅಂಕಿ ಬದಲಿಸಿ ಮತ್ತೆ ಲೆಕ್ಕ ಹಾಕಿ. ಸೊನ್ನೆ ಬಂತೇ?