ನಿಮಗಿದು ಗೊತ್ತೇ? ವೆಲ್ಲಿಂಗ್ಟನ್ ಬೆನ್ನು ಹತ್ತಿದ್ದು ನಮ್ಮ ಚನ್ನಗಿರಿಯವನನ್ನು!

ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ವೆಲ್ಲಿಂಗ್ಟನ್ ಹೆಸರು ಶಾಲೆಯಲ್ಲಿ ಓದಿದ್ದೀರಿ. ಅದಕ್ಕೂ 15 ವರ್ಷ ಮೊದಲು ಅದೇ ಮನುಷ್ಯ ನಮ್ಮ ತುಂಗಭದ್ರೆ ದಾಟಿ, ತಿಂಗಳುಗಟ್ಟಲೆ ಒಬ್ಬನನ್ನು ಹುಡುಕಿಕೊಂಡು ಅಲೆದಿದ್ದ. ಯಾರನ್ನು? ಧೋಂಡಿಯಾ ವಾಘ್‌ನನ್ನು. ಅವನು ಹುಟ್ಟಿದ ಊರು ಯಾವುದು ಗೊತ್ತೇ? ನಮ್ಮ ಹೊನ್ನಾಳಿ ಕಡೆಯ ಸಾಸ್ವೆಹಳ್ಳಿಯ ಪಕ್ಕದ ತಾಲ್ಲೂಕು ಚನ್ನಗಿರಿ!

ಧೋಂಡಿಯಾ ಸೆರೆಯಿಂದ ಹೊರಬಂದ ಬಗೆ ಕೇಳಿ. ಟಿಪ್ಪು ಅವನಿಗೆ ಬೇಡಿ ತೊಡಿಸಿ ಶ್ರೀರಂಗಪಟ್ಟಣದಲ್ಲಿ ಕೂಡಿಹಾಕಿದ್ದ. 1799ರ ಮೇ 4ರಂದು ಕೋಟೆ ಬಿತ್ತು. ಗೆದ್ದ ಬ್ರಿಟಿಷರು ಕೈದಿಗಳನ್ನೆಲ್ಲ ಬಿಟ್ಟರು. ಅವರ ಜೊತೆ ಇವನೂ ಹೊರಗೆ ಬಂದ. ಟಿಪ್ಪುವಿನ ಚದುರಿದ ಸವಾರರನ್ನು ಸೇರಿಸಿಕೊಂಡು ಸೀದಾ ಬಿದನೂರು ಸೀಮೆಗೆ ನುಗ್ಗಿದ. ಶಿಕಾರಿಪುರ, ಹೊನ್ನಾಳಿ ಕಡೆಗೆ ಕಂಪನಿ ಸೈನ್ಯ ಬರುವಷ್ಟರಲ್ಲಿ ಹೊಳೆ ದಾಟಿ ಮಾಯ! ಆಮೇಲೆ ತಾನೇ ಒಂದು ಬಿರುದನ್ನೂ ಇಟ್ಟುಕೊಂಡ. ಏನಂತ? ಎರಡು ಲೋಕಗಳ ಒಡೆಯ!

ವೆಲ್ಲಿಂಗ್ಟನ್ ಆಗಿನ್ನೂ ಬರೀ ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1800ರಲ್ಲಿ ಅವನಿಗೆ ಬಟಾವಿಯಾ ದಂಡಯಾತ್ರೆಯ ಮುಂದಾಳ್ತನ ಸಿಗುವುದರಲ್ಲಿತ್ತು. ಜಾವಾ ದ್ವೀಪದ ಶ್ರೀಮಂತ ಬಂದರು ಅದು, ಹೆಸರೂ ಹಣವೂ ಕೈಗೆ ಬರುತ್ತಿದ್ದ ಕೆಲಸ. ಆತ ಬೇಡ ಅಂದುಬಿಟ್ಟ. ಮೊದಲು ಧೋಂಡಿಯಾ, ಉಳಿದದ್ದು ಆಮೇಲೆ! ಒಬ್ಬ ಚನ್ನಗಿರಿಯವನಿಗಾಗಿ ಜಾವಾವನ್ನೇ ಬಿಟ್ಟ ಅಂದರೆ ಇವನ ತೂಕ ಎಷ್ಟಿರಬೇಕು, ನೀವೇ ಹೇಳಿ.

1800ರ ಸೆಪ್ಟೆಂಬರ್ 10. ಕೋನಗಲ್ ಬಯಲು. ವೆಲ್ಲೆಸ್ಲಿ ನಾಲ್ಕು ಕುದುರೆ ಪಡೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದಾಗಿ ಕುದುರೆ ಓಡಿಸಿದ. ಧೋಂಡಿಯಾ ಅಲ್ಲೇ ಬಿದ್ದ. ಗುರುತು ಹಿಡಿದು, ಹೆಣವನ್ನು ಫಿರಂಗಿ ಗಾಡಿಗೆ ಕಟ್ಟಿ ಶಿಬಿರಕ್ಕೆ ತಂದರು.

ಇಲ್ಲೇ ನೋಡಿ ಆಶ್ಚರ್ಯ! ಸಾಮಾನು ಸರಂಜಾಮಿನ ನಡುವೆ ನಾಲ್ಕು ವರ್ಷದ ಒಬ್ಬ ಹುಡುಗ ಸಿಕ್ಕ. ಧೋಂಡಿಯಾನ ಮಗ ಸಲಾಬತ್ ಖಾನ್. ಅಪ್ಪನನ್ನು ಕೊಂದ ವೆಲ್ಲೆಸ್ಲಿಯೇ ಮಗನನ್ನು ತನ್ನ ಡೇರೆಗೆ ಕರೆದುಕೊಂಡ. ದೇಶ ಬಿಟ್ಟು ಹೋಗುವಾಗ ಅವನ ಖರ್ಚಿಗೆ ಹಣ ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಮಹಾರಾಜರ ಚಾಕರಿಗೆ ಸೇರಿದ, 1822ರಲ್ಲಿ ಕಾಲರಾಕ್ಕೆ ಬಲಿಯಾದ. ಸಿನಿಮಾ ಕಥೆಯಲ್ಲ, ಇಷ್ಟೂ ನಡೆದದ್ದು!

ಇದೆಲ್ಲ ಇಷ್ಟು ವಿವರವಾಗಿ ಹೇಗೆ ಗೊತ್ತಾಯಿತು ಅಂತೀರಾ? ವೆಲ್ಲೆಸ್ಲಿ ಡೇರೆಯಲ್ಲಿ ಕೂತು ಪತ್ರದ ಮೇಲೆ ಪತ್ರ ಬರೆದ. ಬರೆದದ್ದನ್ನು ಯಾರೂ ಎಸೆಯಲಿಲ್ಲ. ಅವನ ಕಾಗದಪತ್ರಗಳ ದೊಡ್ಡ ರಾಶಿ ಇವತ್ತು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಭದ್ರವಾಗಿದೆ!

ಎತ್ತುಗಳ ವಿಷಯ ಗೊತ್ತೇ? ಈ ಓಟದ ಯುದ್ಧಗಳಲ್ಲಿ ಫಿರಂಗಿ ಎಳೆದದ್ದು ನಮ್ಮ ಅಮೃತ ಮಹಲ್ ಎತ್ತುಗಳು. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಗೆ ಅಮೃತ ಮಹಲ್ ಅಂತ ಹೆಸರಿಟ್ಟವನು ಟಿಪ್ಪು. ಮುಂದೆ ಸ್ಪೇನ್, ಪೋರ್ಚುಗಲ್‌ನಲ್ಲಿ ಯುದ್ಧ ಮಾಡುವಾಗ ವೆಲ್ಲಿಂಗ್ಟನ್ ಈ ಎತ್ತುಗಳು ತನ್ನ ಬಳಿ ಇಲ್ಲವಲ್ಲ ಅಂತ ಪೇಚಾಡುತ್ತಿದ್ದನಂತೆ! ಖರ್ಚು ಉಳಿಸುತ್ತೇವೆ ಅಂತ ಬ್ರಿಟಿಷರು 1860ರಲ್ಲಿ ದನಗಳ ಹಿಂಡನ್ನೇ ಮಾರಿಬಿಟ್ಟರು. ತಪ್ಪು ತಿಳಿಯಲು ತಡವಾಗಲಿಲ್ಲ. 1866ರಲ್ಲಿ ಮತ್ತೆ ಹಿಂಡು ಕಟ್ಟಿದರು!

ಶ್ರೀರಂಗಪಟ್ಟಣ ಗೆದ್ದವರಿಗೆ ಕಂಪನಿ ಪದಕ ಕೊಟ್ಟಿತು. ಒಂದು ಮುಖದಲ್ಲಿ ಹುಲಿಯನ್ನು ಕೆಡವಿಕೊಂಡ ಸಿಂಹ. ಅಚ್ಚು ಹಾಕಿದ್ದು ದೂರದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಜನರಲ್‌ಗೆ ಚಿನ್ನ, ಅವನಿಂದ ಕೆಳಗಿನವನಿಗೆ ಚಿನ್ನದ ನೀರು ಕುಡಿಸಿದ ಬೆಳ್ಳಿ, ಆಮೇಲೆ ಬೆಳ್ಳಿ, ಆಮೇಲೆ ಕಂಚು. ಸಿಪಾಯಿಗೆ? ತವರ! ಒಂದೇ ಗೋಡೆ ಹತ್ತಿದವರಿಗೆ ಐದು ಬಗೆಯ ಲೋಹ!

ಅದೇ ಕಾಳಗದಲ್ಲಿ ಬ್ರಿಟಿಷರ ಕಡೆ ಒಂದು ಸ್ವಿಸ್ ಪಡೆಯೂ ಇತ್ತು. ಡ ಮ್ಯೂರಾನ್ ರೆಜಿಮೆಂಟ್. ಮೊದಲು ಡಚ್ಚರ ಸಂಬಳದಲ್ಲಿದ್ದು, 1795ರಲ್ಲಿ ಸಿಲೋನಿನಲ್ಲಿ ಬ್ರಿಟಿಷರ ಕಡೆ ಬಂದವರು. ಇವರ ಕೆಲವು ಗೋರಿಗಳು ಇವತ್ತಿಗೂ ಶ್ರೀರಂಗಪಟ್ಟಣದ ಕಾವೇರಿ ದಂಡೆಯಲ್ಲಿವೆ. ಪಡೆ ಮುಂದೆ ಎಲ್ಲಿಗೆ ಹೋಯಿತು ಊಹಿಸಿ. 1813ರಲ್ಲಿ ಕೆನಡಾಕ್ಕೆ! ಶ್ರೀರಂಗಪಟ್ಟಣದ ಬಿಸಿಲು ಕಂಡ ಪಡೆ ಅಮೆರಿಕನ್ನರ ಮೇಲೂ ಕಾದಾಡಿತು!

ನಮ್ಮ ಹತ್ತಿರಕ್ಕೇ ಬನ್ನಿ. ಹರಿಹರದಲ್ಲಿ ಕಂಟೋನ್ಮೆಂಟ್ ಇತ್ತು ಅಂದರೆ ನಂಬುತ್ತೀರಾ? ಊರಿನಿಂದ ಸುಮಾರು ಎರಡು ಮೈಲಿ ಆಚೆ ಒಂದು ದೇಶೀ ಪಡೆ 1865ರವರೆಗೂ ಬೀಡು ಬಿಟ್ಟಿತ್ತು. ಹೊಳೆಗೆ ಸೇತುವೆ ಮುಗಿದದ್ದು 1868ರಲ್ಲಿ. ಸೈನ್ಯ ಹೋದ ಮೇಲೆ ಸೇತುವೆ!

ಈಗ ಸೈನ್ಯದಲ್ಲಿದ್ದ ತಮ್ಮ ಹಿರಿಯರ ದಾಖಲೆ ಹುಡುಕುವವರ ಕಷ್ಟ ಕೇಳಿ. ಆಗ ಬ್ರಿಟಿಷ್ ಇಂಡಿಯಾಕ್ಕೆ ಒಂದೇ ಸೈನ್ಯ ಇರಲಿಲ್ಲ. ಬಂಗಾಳ, ಮದ್ರಾಸ್, ಬಾಂಬೆ ಅಂತ ಮೂರು! ಒಂದಾದದ್ದು 1895ರಲ್ಲಿ. ಮೈಸೂರು ಸೀಮೆ ಮದ್ರಾಸ್ ಸೈನ್ಯದ ಪಾಲಿಗೆ, ಹೊಳೆ ಆಚೆಯ ಧಾರವಾಡ, ಬೆಳಗಾವಿ ಬಾಂಬೆ ಪ್ರಾಂತ್ಯಕ್ಕೆ. ಅಣ್ಣ ಹೊನ್ನಾಳಿಯಲ್ಲಿ, ತಮ್ಮ ರಾಣೇಬೆನ್ನೂರಿನಲ್ಲಿ ಇದ್ದರೆ ಇಬ್ಬರ ಕಾಗದ ಎರಡು ಬೇರೆ ಬೇರೆ ರಾಶಿಯಲ್ಲಿ ಇರಬಹುದು!

ಅಷ್ಟೇ ಅಲ್ಲ, ಪಡೆಗಳ ನಂಬರೂ ಬದಲಾಗುತ್ತಿತ್ತು. 1903ರಲ್ಲಿ ಲಾರ್ಡ್ ಕಿಚನರ್ ಮದ್ರಾಸ್ ಪದಾತಿ ಪಡೆಗಳ ನಂಬರಿಗೆ 60 ಕೂಡಿಸಿಬಿಟ್ಟ. ನಿನ್ನೆಯ 15ನೇ ಪಡೆ ಇವತ್ತು 75ನೇ ಕರ್ನಾಟಿಕ್ ಪದಾತಿ! 1922ರಲ್ಲಿ ಮತ್ತೆ ಎಲ್ಲ ಅದಲು ಬದಲು. ಪಡೆಯ ಒಂದೇ ನಂಬರನ್ನು ನಂಬಿಕೊಂಡು ಹುಡುಕಿದರೆ ಅಜ್ಜ ಕೈಗೆ ಸಿಗುವುದಿಲ್ಲ.

ಜಿಲ್ಲೆಯದೂ ಅದೇ ಕಥೆ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅಲ್ಲಿಯವರೆಗೆ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ತಾಲ್ಲೂಕು ಆದದ್ದಂತೂ ಮೊನ್ನೆ ಮೊನ್ನೆ. ಸಾಸ್ವೆಹಳ್ಳಿಯವರ ಹಳೆ ಮಿಲಿಟರಿ ಕಾಗದ ಹುಡುಕಬೇಕೇ? ದಾವಣಗೆರೆ ಅಂತ ಹುಡುಕಿದರೆ ಸೊನ್ನೆ. ‘ಶಿಮೊಗ, ಮೈಸೂರ್’ ಅಂತ ಹುಡುಕಿ!

ಸಿಪಾಯಿ ಭರ್ತಿಯಾದಾಗ ಏನೇನು ಬರೆದುಕೊಳ್ಳುತ್ತಿದ್ದರು ಗೊತ್ತೇ? ಹೆಸರು, ಅಪ್ಪನ ಹೆಸರು, ಹಳ್ಳಿ, ತಾಲ್ಲೂಕು, ಜಾತಿ, ವಯಸ್ಸು. ಎತ್ತರ ಅಡಿ, ಇಂಚಿನ ಲೆಕ್ಕದಲ್ಲಿ. ಕೊನೆಗೆ ಮೈಮೇಲಿನ ಗುರುತು: ಹುಬ್ಬಿನ ಪಕ್ಕದ ಗಾಯದ ಕಲೆಯೋ, ಎದೆಯ ಮೇಲಿನ ಮಚ್ಚೆಯೋ. ಫೋಟೋ ಇಲ್ಲದ ಕಾಲದಲ್ಲಿ ಮನುಷ್ಯನನ್ನು ಹಿಡಿದಿಡಲು ಇದ್ದದ್ದು ಇದೇ. ನಿಮ್ಮ ಮುತ್ತಜ್ಜನ ಮಚ್ಚೆ ಎಲ್ಲಿತ್ತು ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೂ ಒಂದು ಹಳೆ ಪುಸ್ತಕಕ್ಕೆ ನೆನಪಿರಬಹುದು!

ಆ ಹಳೆ ಪುಸ್ತಕಗಳ ರಾಶಿ ಎಷ್ಟು ದೊಡ್ಡದು? ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳ ಕಪಾಟುಗಳನ್ನು ಸಾಲಾಗಿ ಇಟ್ಟರೆ ಸುಮಾರು 14 ಕಿಲೋಮೀಟರ್! ಆದರೆ ಅಲ್ಲಿ ಹೆಚ್ಚು ತುಂಬಿರುವುದು ಸಾಹೇಬರ ಹುಟ್ಟು, ಮದುವೆ, ಸಾವು, ಬಡ್ತಿ. ನಮ್ಮ ಸಿಪಾಯಿಗಳ ವಿವರ ಬಹುಪಾಲು ಅವರವರ ಪಡೆಯ ಕಚೇರಿಯಲ್ಲೇ ಉಳಿಯಿತು. ಈ ಅನ್ಯಾಯ ನನಗಂತೂ ನೋಯುತ್ತದೆ.

ಸಾಹೇಬರ ಕಾಗದವೆಲ್ಲ ಸುಖವಾಗಿದೆ ಅಂದುಕೊಳ್ಳಬೇಡಿ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬು ಲಂಡನ್ನಿನ ಒಂದು ಉಗ್ರಾಣಕ್ಕೆ ಬಿತ್ತು. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಏಟಿಗೆ ಬೂದಿ! ಉಳಿದ ಹಾಳೆಗಳ ಅಂಚು ಇವತ್ತಿಗೂ ಸುಟ್ಟು ಕಪ್ಪಾಗಿವೆ.

ಮಹಾರಾಜರ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಕಥೆ ಬಿಡಲಾದೀತೇ? 1918ರ ಸೆಪ್ಟೆಂಬರ್ 23. ಹೈಫಾ ಪಟ್ಟಣ. ಎದುರಿಗೆ ಮೆಷಿನ್ ಗನ್ನು, ಫಿರಂಗಿ. ನಮ್ಮವರ ಕೈಯಲ್ಲಿ ಭರ್ಜಿ, ಕತ್ತಿ. ಜೋಧಪುರದವರು ಊರೊಳಗೆ ನುಗ್ಗಿದರೆ, ಮೈಸೂರಿನವರು ಕಡಿದಾದ ಕಾರ್ಮೆಲ್ ಬೆಟ್ಟವನ್ನೇ ಹತ್ತಿ ಫಿರಂಗಿಗಳ ಮೇಲೆ ಬಿದ್ದರು. ಸಂಜೆಯೊಳಗೆ ಹೈಫಾ ಕೈವಶ! ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂರು ಸವಾರರಲ್ಲಿ ಒಬ್ಬ ನಮ್ಮ ಮೈಸೂರಿನವನು. 1953ರಲ್ಲಿ ಸಂಸ್ಥಾನಗಳ ಕುದುರೆ ಪಡೆಗಳೆಲ್ಲ ಸೇರಿ 61ನೇ ಕ್ಯಾವಲ್ರಿ ಆಯಿತು.

ಇವರನ್ನು ಬ್ರಿಟಿಷ್ ಸೈನ್ಯದ ಪಟ್ಟಿಯಲ್ಲಿ ಹುಡುಕಲು ಹೋಗಬೇಡಿ. ಇವರು ಮಹಾರಾಜರ ಪಡೆಯವರು. ಮೈಸೂರು ಸರ್ಕಾರದ ಹಳೆ ಕಡತಗಳು ನಮ್ಮ ರಾಜ್ಯ ಪತ್ರಾಗಾರ ಇಲಾಖೆಯಲ್ಲಿವೆ. ಮುಖ್ಯ ಕಚೇರಿ ಎಲ್ಲಿ? ವಿಧಾನಸೌಧದಲ್ಲೇ!

ಬೆಂಗಳೂರಿನ ಹೆಸರು ಹೊತ್ತ ಒಂದು ಸಿಡಿಗುಂಡಿನ ಕೊಳವೆ ಇದೆ ಗೊತ್ತೇ? ಬ್ಯಾಂಗಲೋರ್ ಟಾರ್ಪಿಡೊ. ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಇಲ್ಲೇ ಮಾಡಿದ್ದು. ಮುಳ್ಳುತಂತಿಯ ಕೆಳಗೆ ತೂರಿಸಿ ಸಿಡಿಸಿದರೆ ದಾರಿ ಸಲೀಸು. 1944ರಲ್ಲಿ ನಾರ್ಮಂಡಿ ದಡದಲ್ಲೂ ಸಿಡಿಯಿತು!

ಚರ್ಚಿಲ್ ಬೆಂಗಳೂರಿನಲ್ಲಿ ಸೈನ್ಯದಲ್ಲಿದ್ದಾಗ ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಕೊಂಡ. 1899ರ ಆ ವಸೂಲಾಗದ ಸಾಲದ ಪಟ್ಟಿ ಬೆಂಗಳೂರು ಕ್ಲಬ್ಬಿನಲ್ಲಿ ಇನ್ನೂ ಇದೆ!

ಯುದ್ಧದಲ್ಲಿ ಸತ್ತವರನ್ನು ಹುಡುಕುವುದು ಈಗ ಮೊಬೈಲಿನಲ್ಲೇ ಆಗುತ್ತದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎರಡೂ ಮಹಾಯುದ್ಧಗಳಲ್ಲಿ ಮಡಿದ 17 ಲಕ್ಷ ಜನರ ಹೆಸರು ಇಟ್ಟುಕೊಂಡಿದೆ. ಪುಕ್ಕಟೆ! ನಮ್ಮವರ ಹೆಸರಿನ ಮುಂದೆ ಎಷ್ಟೋ ಕಡೆ ಅಪ್ಪನ ಹೆಸರು, ಹಳ್ಳಿ, ಜಿಲ್ಲೆಯೂ ಇದೆ. ಕಾಗುಣಿತ ಮಾತ್ರ ಅವರ ಕಿವಿಗೆ ಬಿದ್ದ ಹಾಗೆ. ನಮ್ಮ ಹೊಳೆಹೊನ್ನೂರನ್ನು ‘ಹೂಲಿ ಹೊನೋರ್’ ಅಂತ ಬರೆದ ಜನ ಅವರು!

ಬದುಕಿ ಬಂದವರದ್ದಾದರೆ ಮೊದಲು ಮನೆಯ ಟ್ರಂಕು ತೆಗೆಯಿರಿ. ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಪುಸ್ತಕ, ಒಂದು ನಂಬರು ಸಿಕ್ಕರೂ ಸಾಕು. ಮದ್ರಾಸ್ ಸ್ಯಾಪರ್ಸ್ ಆಗಿದ್ದರೆ ರೆಕಾರ್ಡ್ ಆಫೀಸ್ ಬೆಂಗಳೂರಿನಲ್ಲಿ. ಮದ್ರಾಸ್ ರೆಜಿಮೆಂಟ್ ಆಗಿದ್ದರೆ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ. ಹೌದು, ಆ ಊರಿಗೆ ಹೆಸರು ಬಂದದ್ದು ಅದೇ ವೆಲ್ಲಿಂಗ್ಟನ್‌ನಿಂದ!

ಟ್ರಂಕಿನಲ್ಲಿ ಪದಕ ಇದ್ದರೆ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟೀರಿ ಜೋಕೆ! ಅದರ ಅಂಚನ್ನು ಬೆಳಕಿಗೆ ಹಿಡಿದು ನಿಧಾನ ತಿರುಗಿಸಿ. ಸಣ್ಣ ಅಕ್ಷರದಲ್ಲಿ ನಂಬರು, ಹುದ್ದೆ, ಹೆಸರು, ಪಡೆ ಕಾಣಿಸಬಹುದು. ಮೊದಲ ಯುದ್ಧದ ‘ಬ್ರಿಟಿಷ್ ವಾರ್ ಮೆಡಲ್’ ಬೆಳ್ಳಿಯದಲ್ಲ, ಕಂಚಿನದೇ? ಹಾಗಾದರೆ ನಿಮ್ಮ ಹಿರಿಯರು ಕೂಲಿ ಪಡೆಯಲ್ಲೋ ಶಿಬಿರದ ಚಾಕರಿಯಲ್ಲೋ ಇದ್ದಿರಬೇಕು. ಇನ್ನು ಎರಡನೇ ಯುದ್ಧದ್ದಾದರೆ ಒಂದು ಖುಷಿಯ ಸಂಗತಿ: ಬ್ರಿಟನ್ ತನ್ನ ಸೈನಿಕರಿಗೆ ಹೆಸರೇ ಇಲ್ಲದ ಪದಕ ಕಳಿಸಿತು. ಭಾರತದ ಸೈನಿಕರ ಪದಕಕ್ಕೆ ಹೆಸರು ಒತ್ತಿಯೇ ಕೊಟ್ಟರು!