ಕನಸು ಕಳಿಸಿ ಎಂದವರು

1996ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಕಾಲೇಜು ಪಟ್ಟಣದ ಬ್ಯಾಂಡೊಂದು ತನ್ನ ಮೊದಲ ಆಲ್ಬಂ ತಂದಿತು. ಬ್ಯಾಂಡಿನ ಹೆಸರು ಒಲಿವಿಯಾ ಟ್ರೆಮರ್ ಕಂಟ್ರೋಲ್, ಆಲ್ಬಮ್ಮಿನ ಹೆಸರು ‘ಡಸ್ಕ್ ಅಟ್ ಕ್ಯೂಬಿಸ್ಟ್ ಕ್ಯಾಸಲ್’. ಯಾರೂ ತೆಗೆಯದ ಸಿನಿಮಾಕ್ಕೆ ಮಾಡಿದ ಸಂಗೀತ ಇದು ಎಂದು ಶೀರ್ಷಿಕೆಯಲ್ಲೇ ಹೇಳಿಕೊಂಡಿದ್ದರು. ಜೊತೆಗೆ ಕೇಳುಗರಿಗೊಂದು ಕೋರಿಕೆ: ನಿಮಗೆ ಬಿದ್ದ ಕನಸನ್ನು ನಿಮ್ಮದೇ ದನಿಯಲ್ಲಿ ಹೇಳಿ, ರೆಕಾರ್ಡ್ ಮಾಡಿ ಕಳಿಸಿ. ಜನ ಕಳಿಸಿದರು. ಆ ದನಿಗಳು 1999ರ ಅವರ ಎರಡನೆಯ ಆಲ್ಬಂ ‘ಬ್ಲ್ಯಾಕ್ ಫೋಲಿಯೇಜ್’ನೊಳಗೆ ಸೇರಿಹೋದವು. ಹಾಡು ಹರಿಯುತ್ತಿದ್ದಂತೆ ಎಲ್ಲಿಂದಲೋ ಒಂದು ಅಪರಿಚಿತ ಕಂಠ ಬರುತ್ತದೆ, ಏನೋ ಹೇಳುತ್ತದೆ, ವಾದ್ಯಗಳಡಿ ಮುಳುಗುತ್ತದೆ.

ಹಾಡುವವರೂ ಕೇಳುವವರೂ ಒಂದೇ ಜಗಲಿಯ ಮೇಲೆ ಕೂತಿದ್ದಾರೆ ಎಂದು ನಂಬಿದವರಿಗೆ ಮಾತ್ರ ಇಂಥ ಕೋರಿಕೆ ಹೊಳೆದೀತು. ಆ ನಂಬಿಕೆ ಅವರಿಗೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ರಸ್ಟನ್ ಎಂಬ ಊರು ಸಿಗುತ್ತದೆ. ಲೂಯಿಸಿಯಾನಾ ರಾಜ್ಯದ ಉತ್ತರಕ್ಕಿರುವ ಸಣ್ಣ ಊರು. ಪೀಚ್ ಹಣ್ಣಿನ ಹಬ್ಬಕ್ಕೆ ಹೆಸರಾದದ್ದು. ಅಲ್ಲೊಂದು ತಾಂತ್ರಿಕ ವಿಶ್ವವಿದ್ಯಾಲಯ, ಅದರ ವಿದ್ಯಾರ್ಥಿಗಳೇ ನಡೆಸುವ ಕೆಎಲ್‌ಪಿಐ ರೇಡಿಯೊ. 1980ರ ದಶಕದಲ್ಲಿ ಅಲ್ಲಿ, ಅದರ ಸುತ್ತಮುತ್ತ ನಾಲ್ವರು ಗೆಳೆಯರು ಬೆಳೆಯುತ್ತಿದ್ದರು: ರಾಬರ್ಟ್ ಶ್ನೈಡರ್, ಮುಂದೆ ಒಲಿವಿಯಾ ಟ್ರೆಮರ್ ಕಂಟ್ರೋಲ್‌ನ ಹಾಡು ಕಟ್ಟಿದ ವಿಲ್ ಕಲೆನ್ ಹಾರ್ಟ್ ಮತ್ತು ಬಿಲ್ ಡಾಸ್, ಜೆಫ್ ಮ್ಯಾಂಗಮ್. ಶ್ನೈಡರ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ, ಮನೆಯವರ ಜೊತೆ ಬಾಲ್ಯದಲ್ಲೇ ಇಲ್ಲಿಗೆ ಬಂದವನು. ಇವರ ಮೆಚ್ಚಿನ ಬ್ಯಾಂಡುಗಳಾದ ಬೀಟಲ್ಸ್, ಬೀಚ್ ಬಾಯ್ಸ್, ಜಾಂಬೀಸ್ ಎಲ್ಲ ಈ ಹುಡುಗರಿಗೆ ಹಿಂದಿನ ತಲೆಮಾರಿನವರು. ಹುಡುಗರು ಹುಟ್ಟಿದ್ದೇ 60ರ ದಶಕ ಮುಗಿಯುವ ಹೊತ್ತಿಗೆ.

ರಸ್ಟನ್ನಿನಲ್ಲಿ ಇವರಿಗೆ ಸ್ಟುಡಿಯೊ ಇರಲಿಲ್ಲ, ಇವರನ್ನು ಕೇಳುವವರೂ ಹೆಚ್ಚಿರಲಿಲ್ಲ. ಹಾಗಾಗಿ ಒಬ್ಬರಿಗೊಬ್ಬರು ಕೇಳುಗರಾದರು. ಮಲಗುವ ಕೋಣೆಯಲ್ಲಿ ಹಾಡು ಮುದ್ರಿಸಿ, ಕ್ಯಾಸೆಟ್ಟಿಗೆ ಹೊಸ ಬ್ಯಾಂಡಿನ ಹೆಸರು ಬರೆದು ಗೆಳೆಯನ ಕೈಗೆ ಕೊಡುವುದು. ಅವನು ಕೇಳಿ ಇನ್ನೊಂದು ಮಾಡಿ ತರುವುದು. ಮೆಚ್ಚಿಸಬೇಕಾದದ್ದು ಮೂರೇ ಜನರನ್ನು, ಆದರೆ ಆ ಮೂವರೂ ಕಿವಿ ನೆಟ್ಟು ಕೇಳುವವರು. ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ ಕೊಟ್ಟು ಬೇಕಾದ ಹಾಡು ತುಂಬಿಸಿಕೊಂಡು ಬರುತ್ತಿದ್ದ ನಮ್ಮ ಪೀಳಿಗೆಯವರಿಗೆ ಈ ಸುಖವನ್ನು ವಿವರಿಸಬೇಕಿಲ್ಲ.

60ರ ದಶಕದ ಸೈಕೆಡೆಲಿಕ್ ಎಂಬ ಬಣ್ಣಬಣ್ಣದ ಪಾಪ್ ಸಂಗೀತವನ್ನು ಮತ್ತೆ ಎತ್ತಿಕೊಂಡವರಲ್ಲಿ ಇವರೇ ಮೊದಲಿಗರೇನಲ್ಲ. 80ರ ದಶಕದಲ್ಲಿ ಲಾಸ್ ಏಂಜಲೀಸಿನ ಕೆಲವು ಬ್ಯಾಂಡುಗಳು ಆ ದಾರಿ ತುಳಿದಿದ್ದವು. ಇಂಗ್ಲೆಂಡಿನ ಎಕ್ಸ್‌ಟಿಸಿ ಬ್ಯಾಂಡಿನವರು 1985ರಲ್ಲಿ ಡ್ಯೂಕ್ಸ್ ಆಫ್ ಸ್ಟ್ರಾಟಸ್ಫಿಯರ್ ಎಂಬ ಕಳ್ಳಹೆಸರಿನಲ್ಲಿ ಥೇಟ್ 1967ರ ಹಾಗೆ ಕೇಳುವ ಹಾಡು ಮಾಡಿದ್ದರು. ಅದು ವೇಷ ಹಾಕಿದ ಆಟ, ಚೆನ್ನಾಗಿಯೇ ಇದೆ. ರಸ್ಟನ್ನಿನ ಹುಡುಗರಿಗೆ ವೇಷ ಬೇಕಿರಲಿಲ್ಲ. ಅವರ ಕೈಯಲ್ಲಿದ್ದ ಯಂತ್ರವೇ ಅವರನ್ನು ಆ ಕಾಲಕ್ಕೆ ಕರೆದೊಯ್ಯುತ್ತಿತ್ತು.

ಯಂತ್ರದ ವಿಷಯ ಸ್ವಲ್ಪ ಹೇಳಲೇಬೇಕು. 1967ರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ಮನ್ನು ಬೀಟಲ್ಸ್ ಮಾಡಿದ್ದು ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರಗಳಲ್ಲಿ. 1979ರಲ್ಲಿ ಟ್ಯಾಸ್ಕಮ್ ಕಂಪನಿ ಮಾಮೂಲಿ ಕ್ಯಾಸೆಟ್ ಹಾಕಿ ನಾಲ್ಕು ಟ್ರ್ಯಾಕ್ ಮುದ್ರಿಸುವ ಪೋರ್ಟಾಸ್ಟುಡಿಯೊ ತಂದಿತು. ಲಂಡನ್ನಿನ ದೊಡ್ಡ ಸ್ಟುಡಿಯೊದ ಉಪಾಯ ಹೀಗೆ ಮನೆಯ ಮೇಜಿನ ಮೇಲೆ ಬಂದು ಕೂತಿತು. ನಾಲ್ಕು ಟ್ರ್ಯಾಕ್ ಅಂದರೆ ಒಂದೇ ಟೇಪಿನಲ್ಲಿ ಅಕ್ಕಪಕ್ಕ ನಾಲ್ಕು ಓಣಿ. ಒಂದರಲ್ಲಿ ಡ್ರಮ್ಸ್, ಒಂದರಲ್ಲಿ ಬೇಸ್, ಒಂದರಲ್ಲಿ ಗಿಟಾರ್ ತುಂಬಿ, ಮೂರನ್ನೂ ಒಟ್ಟಿಗೆ ನುಡಿಸುತ್ತ ನಾಲ್ಕನೆಯದಕ್ಕೆ ಇಳಿಸಿದರೆ ಮೊದಲ ಮೂರು ಮತ್ತೆ ಖಾಲಿ. ಅಲ್ಲಿ ಇನ್ನಷ್ಟು ದನಿ ತುಂಬಬಹುದು, ಮತ್ತೆ ಇಳಿಸಬಹುದು. ಆದರೆ ಇಳಿಸಿದ ಮೇಲೆ ಡ್ರಮ್ಸ್ ಜೋರಾಯಿತು ಎಂದು ತಗ್ಗಿಸುವಂತಿಲ್ಲ. ಸಲಸಲಕ್ಕೂ ಟೇಪಿನ ಸುಯ್ ಎನ್ನುವ ಸದ್ದು ಏರುತ್ತದೆ, ಕೆಳಗಿನ ವಾದ್ಯಗಳ ಅಂಚು ಮಸುಕಾಗುತ್ತದೆ. ಹಾಗಾಗಿ ಏನು ಬೇಕು ಎಂಬುದು ಮೊದಲೇ ತಲೆಯಲ್ಲಿ ಕೇಳಿಸಿರಬೇಕು. ಈ ಹಾಡುಗಳಲ್ಲಿ ನಾವು ಇಷ್ಟಪಡುವ ಆ ಬೆಚ್ಚನೆಯ ಮಬ್ಬು ಹೀಗೆ ಹುಟ್ಟಿದ್ದು.

ಆ ಮಬ್ಬಿನಲ್ಲಿ ನಮ್ಮ ನೆಲದ್ದೂ ಒಂದು ಪಾಲಿದೆ. ಬೀಟಲ್ಸ್‌ರ 1966ರ ‘ರಿವಾಲ್ವರ್’ ಆಲ್ಬಮ್ಮಿನ ಕೊನೆಯ ಹಾಡು ತಂಬೂರಿಯ ಶ್ರುತಿ ಹಿಡಿದು ಹೆಚ್ಚುಕಡಿಮೆ ಒಂದೇ ಸ್ವರದ ಆಧಾರದ ಮೇಲೆ ನಿಲ್ಲುತ್ತದೆ, ಸುತ್ತಲೂ ಟೇಪಿನ ತುಂಡುಗಳು ಸುರುಳಿ ಸುತ್ತುತ್ತವೆ. ವಿಲ್ ಹಾರ್ಟ್ ತನ್ನ ಬದುಕಿಡೀ ಬೆನ್ನುಹತ್ತಿದ್ದು ಇಂಥ ಸದ್ದನ್ನು. ಒಲಿವಿಯಾ ಟ್ರೆಮರ್ ಕಂಟ್ರೋಲ್‌ನಲ್ಲಿ ಡಾಸ್ ಸಿಹಿಯಾದ, ತಿದ್ದಿದ ರಾಗ ಕಟ್ಟುತ್ತಿದ್ದ. ಹಾರ್ಟ್ ಆ ರಾಗದ ಕೆಳಗಿನ ನೆಲವನ್ನೇ ಅಲುಗಾಡಿಸುತ್ತಿದ್ದ. ಹಾರ್ಟ್ ಚಿತ್ರಕಾರನೂ ಹೌದು. ಇಡೀ ಬಳಗದ ಗುರುತಾದ ‘ಎಲಿಫೆಂಟ್ 6 ರೆಕಾರ್ಡಿಂಗ್ ಕಂಪನಿ’ ಎಂಬ ಬಳುಕುವ ಅಕ್ಷರಗಳ ಮುದ್ರೆ ಬರೆದವನು ಅವನೇ.

ಆ ಮುದ್ರೆ ಹೊತ್ತು ಮೊದಲು ಬಂದದ್ದು 1993ರಲ್ಲಿ, ಡೆನ್ವರಿಗೆ ಹೋಗಿ ನೆಲೆಸಿದ್ದ ಶ್ನೈಡರ್‌ನ ಆ್ಯಪಲ್ಸ್ ಬ್ಯಾಂಡಿನ 7 ಇಂಚಿನ ತಟ್ಟೆ ‘ಟೈಡಲ್ ವೇವ್’. ಮುಂದೆ ಅದೇ ಆ್ಯಪಲ್ಸ್ ಇನ್ ಸ್ಟೀರಿಯೊ ಆಯಿತು. ಹಾರ್ಟ್ ಮತ್ತು ಡಾಸ್ ಅಥೆನ್ಸಿನಲ್ಲಿ, ಮ್ಯಾಂಗಮ್ ಊರೂರು ತಿರುಗುತ್ತ. ಆಮೇಲಿನ ವರ್ಷಗಳಲ್ಲಿ ಯಾರು ಯಾರ ಬ್ಯಾಂಡಿನಲ್ಲಿ ಏನು ನುಡಿಸಿದರು ಎಂಬ ವಿವರ ಉದ್ದದ್ದು, ಅದನ್ನಿಲ್ಲಿ ಬಿಡುತ್ತೇನೆ. ಮುಖ್ಯವಾದದ್ದು ಮುದ್ರೆ. ಅಂಗಡಿಯಲ್ಲಿ ಒಂದು ತಟ್ಟೆಯ ಮೇಲೆ ಅದನ್ನು ಕಂಡವರು ಇನ್ನೊಂದರ ಮೇಲೂ ಹುಡುಕಿದರು. ಎಲ್ಫ್ ಪವರ್, ಆಫ್ ಮಾಂಟ್ರಿಯಲ್, ಮ್ಯೂಸಿಕ್ ಟೇಪ್ಸ್, ಮೈಂಡರ್ಸ್ ಹೀಗೆ ಸಿಕ್ಕವು. ಹೊದಿಕೆಯ ಒಳಗಿನ ಕೃತಜ್ಞತೆಯ ಸಾಲುಗಳನ್ನು ಓದಿದರೆ ಇನ್ನೂ ನಾಲ್ಕು ಹೆಸರು. ಒಂದು ಬ್ಯಾಂಡು ಇನ್ನೊಂದರ ಮನೆಯ ವಿಳಾಸ ಹೇಳುತ್ತಿತ್ತು.

1998ರಲ್ಲಿ ಮರ್ಜ್ ರೆಕಾರ್ಡ್ಸ್‌ನಿಂದ ಮ್ಯಾಂಗಮ್‌ನ ನ್ಯೂಟ್ರಲ್ ಮಿಲ್ಕ್ ಹೋಟೆಲ್ ಬ್ಯಾಂಡಿನ ‘ಇನ್ ದಿ ಏರೋಪ್ಲೇನ್ ಓವರ್ ದಿ ಸೀ’ ಬಂತು. ಆ್ಯನ್ ಫ್ರಾಂಕಳ ದಿನಚರಿ ಓದಿ ತಲ್ಲಣಿಸಿದವನ ಹಾಡುಗಳು. ಮುದ್ರಿಸಿದ್ದು ಡೆನ್ವರಿನಲ್ಲಿ ಶ್ನೈಡರ್ ನಡೆಸುತ್ತಿದ್ದ ಸ್ಟುಡಿಯೊದಲ್ಲಿ. ಬೀಚ್ ಬಾಯ್ಸ್‌ರ 1966ರ ಆಲ್ಬಮ್ಮಿನ ನೆನಪಿಗೆ ಅದಕ್ಕೆ ಪೆಟ್ ಸೌಂಡ್ಸ್ ಎಂದೇ ಹೆಸರಿಟ್ಟಿದ್ದ. ಅದಾದ ಮೇಲೆ ಮ್ಯಾಂಗಮ್ ಬಹಳ ವರ್ಷ ವೇದಿಕೆಯಿಂದ ದೂರ ಉಳಿದ, ಆಲ್ಬಮ್ಮಿನ ಕೀರ್ತಿ ಮಾತ್ರ ಬೆಳೆಯುತ್ತಲೇ ಹೋಯಿತು. ಅದು ದೊಡ್ಡ ಕೃತಿ, ಸಂಶಯವಿಲ್ಲ. ಆದರೆ ಎಲಿಫೆಂಟ್ 6 ಎಂದರೆ ಅದೊಂದೇ ಎಂಬಂತೆ ಬರೆಯುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಅಷ್ಟು ಜನರ ಕೈ ಇದ್ದ ಕೆಲಸವನ್ನು ಕಣ್ಮರೆಯಾದ ಒಬ್ಬನ ಕತೆಯಾಗಿಸಿದಾಗ ‘ಬ್ಲ್ಯಾಕ್ ಫೋಲಿಯೇಜ್’ನಂಥದ್ದು ಕೇಳದೆ ಉಳಿಯುತ್ತದೆ.

ಶ್ನೈಡರ್‌ನ ಮುಂದಿನ ದಾರಿ ನಮ್ಮ ಕಡೆಗೇ ತಿರುಗಿತು. ಸ್ಟುಡಿಯೊದ ಯಂತ್ರಗಳನ್ನು ಅರಿಯಲು ವಿದ್ಯುತ್ ಶಾಸ್ತ್ರ ಓದುತ್ತ ಓಮನ ನಿಯಮಕ್ಕೆ ಮನಸೋತು, ಅಲ್ಲಿಂದ ಗಣಿತಕ್ಕೆ ಹೊರಳಿದ. 2007ರ ‘ನ್ಯೂ ಮ್ಯಾಗ್ನೆಟಿಕ್ ವಂಡರ್’ ಆಲ್ಬಮ್ಮಿನಲ್ಲಿ ಲಾಗರಿದಮ್ ಆಧರಿಸಿ ತಾನೇ ರೂಪಿಸಿದ ಸ್ವರಶ್ರೇಣಿ ಬಳಸಿದ. 2018ರಲ್ಲಿ ಎಮೊರಿ ವಿಶ್ವವಿದ್ಯಾಲಯದಲ್ಲಿ ಕೆನ್ ಓನೊ ಮಾರ್ಗದರ್ಶನದಲ್ಲಿ ಪಿಎಚ್‌.ಡಿ ಪಡೆದ. ವಿಷಯ, ಸಂಖ್ಯೆಗಳ ವಿಭಜನೆ. ಅಂದರೆ ಶ್ರೀನಿವಾಸ ರಾಮಾನುಜನ್ ಹಾರ್ಡಿಯವರ ಜೊತೆ 1918ರಲ್ಲಿ ಸೂತ್ರ ಕೊಟ್ಟ ಅದೇ ಕ್ಷೇತ್ರ. 4ನ್ನು ಪೂರ್ಣ ಸಂಖ್ಯೆಗಳ ಮೊತ್ತವಾಗಿ ಬರೆಯುವ ಬಗೆ 5, 100ನ್ನು ಬರೆಯುವ ಬಗೆ 19,05,69,292. ನಾಲ್ಕೇ ಟ್ರ್ಯಾಕುಗಳಲ್ಲಿ ಇಡೀ ವಾದ್ಯಮೇಳ ಹಿಡಿಸುತ್ತಿದ್ದವನಿಗೆ ಈ ವಿಷಯ ಒಲಿದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಬಿಲ್ ಡಾಸ್ 2012ರಲ್ಲಿ ತೀರಿಕೊಂಡ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಜೊತೆ ವರ್ಷಗಟ್ಟಲೆ ಬದುಕಿದ ವಿಲ್ ಹಾರ್ಟ್ 2024ರ ನವೆಂಬರಿನಲ್ಲಿ, ಒಲಿವಿಯಾ ಬ್ಯಾಂಡಿನ ಎರಡು ಹೊಸ ಹಾಡುಗಳು ಬಿಡುಗಡೆಯಾದ ದಿನವೇ, ಹೋದ.

ಈಗ ಇವರ ಹಾಡುಗಳು ಫೋನಿನಲ್ಲಿ ಸುಲಭವಾಗಿ ಸಿಗುತ್ತವೆ. ಸೈಕೆಡೆಲಿಕ್ ಪಾಪ್ ಎಂದು ಹುಡುಕಿದರೆ ಆ್ಯಪ್ ಒಂದು ಸಿದ್ಧಪಟ್ಟಿ ಒಡ್ಡುತ್ತದೆ: ಟೇಮ್ ಇಂಪಾಲಾ, ಟೆಂಪಲ್ಸ್, ನಡುವೆಲ್ಲೋ ಒಂದು ಒಲಿವಿಯಾ ಹಾಡು. ಒಳ್ಳೆಯ ಬ್ಯಾಂಡುಗಳೇ. ಆದರೆ ಮುದ್ರೆ ಇಲ್ಲ, ಹೊದಿಕೆಯ ಸಾಲುಗಳಿಲ್ಲ, ಯಾರು ಯಾರ ಗೆಳೆಯರೆಂದು ತಿಳಿಯುವುದಿಲ್ಲ. ‘ಡಸ್ಕ್ ಅಟ್ ಕ್ಯೂಬಿಸ್ಟ್ ಕ್ಯಾಸಲ್’ನ ಮೊದಮೊದಲ ಪ್ರತಿಗಳ ಜೊತೆ ‘ಎಕ್ಸ್‌ಪ್ಲನೇಷನ್ 2’ ಎಂಬ ಇನ್ನೊಂದು ಸಿ.ಡಿ. ಇತ್ತು, ಮಾತಿಲ್ಲದ, ನಿಧಾನ ಹರಿಯುವ ಸದ್ದುಗಳದ್ದು. ಎರಡನ್ನೂ ಎರಡು ಪ್ಲೇಯರಿಗೆ ಹಾಕಿ ಒಟ್ಟಿಗೆ ನುಡಿಸಿ, ನಾಲ್ಕು ಸ್ಪೀಕರಿನ ನಡುವೆ ಕೂತು ಕೇಳಿ ಎಂಬುದು ಅವರ ಆಸೆ. ಎರಡೂ ಒಂದೇ ಕ್ಷಣಕ್ಕೆ ಶುರುವಾಗಬೇಕೆಂದಿಲ್ಲ. ತುಸು ಹಿಂದುಮುಂದಾದರೆ ಬೇರೆಯದೇ ಸಂಗೀತ. ಆ್ಯಪ್ ಒಂದು ಸಲಕ್ಕೆ ಒಂದೇ ಹಾಡು ನುಡಿಸುತ್ತದೆ. ಎರಡನ್ನೂ ಕೂಡಿಸಿ ಕೇಳಬೇಕೆಂದರೆ ಇನ್ನೊಂದು ಫೋನು ಇರುವ ಒಬ್ಬ ಗೆಳೆಯನನ್ನು ಮನೆಗೆ ಕರೆಯಬೇಕು.